ಮಾಸಿದ ಹಾಯಿದೋಣಿಗೆ ಮತ್ತೆ ಹೊಳಪು: ವಾಟರ್ ಪೇಪರ್‌ಗೆ ಅವಸರ ಬೇಡ

ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ ವರ್ಷಗಟ್ಟಲೆ ಬಿಸಿಲು ಕಂಡ ಫೈಬರ್ ಹಾಯಿದೋಣಿಯನ್ನು ಒಮ್ಮೆ ಸವರಿ ನೋಡಿ. ಅಂಗೈಗೆ ಸುಣ್ಣದಂಥ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ. ನಾರ್ವೆ ಕಡೆಯ ತಣ್ಣನೆ ಸಮುದ್ರ ಸುತ್ತಿ ಬಂದ ದೋಣಿಗಳಿಗೆ ಉಪ್ಪು, ಬೂಷ್ಟಿನ ಕಾಟ ಜಾಸ್ತಿ. ನಮ್ಮದು ಸಿಹಿನೀರು, ಇಲ್ಲಿ ದೋಣಿ ಕೆಡಿಸುವುದು ಬಿಸಿಲು. ಪುಡಿ ಕಂಡ ತಕ್ಷಣ ಎಲ್ಲರೂ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಿಡಿದು ಉಜ್ಜಲು ಕೂರುತ್ತಾರೆ. ದಯವಿಟ್ಟು ಬೇಡ.

ಮೊದಲು ಸೋಪು ನೀರು, ಮೆತ್ತನೆ ಬ್ರಷ್‌ನಿಂದ ತೊಳೆದು ಒಣಗಿಸಿ. ತೇಗದ ಹಲಗೆ ಇದ್ದರೆ ಮರದ ಎಳೆಗೆ ಅಡ್ಡವಾಗಿ ಉಜ್ಜಿ. ಉದ್ದಕ್ಕೆ ಉಜ್ಜಿದರೆ ಮೆದು ಭಾಗವೆಲ್ಲ ಕಿತ್ತು ಬರುತ್ತದೆ. ಬ್ಲೀಚಿಂಗ್ ಪೌಡರ್ ಮಾತ್ರ ಹತ್ತಿರ ತರಬೇಡಿ, ಸ್ಟೀಲಿಗೂ ಹಗ್ಗಕ್ಕೂ ಕೇಡು.

ಈಗ ಮುಖ್ಯ ಕೆಲಸ. ಫೈಬರ್ ಮೇಲಿನ ಬಣ್ಣದ ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಒಮ್ಮೆ ಸವೆದು ಹೋದದ್ದು ಪಾಲಿಷ್‌ನಿಂದ ವಾಪಸ್ ಬರಲ್ಲ. ಹಾಗಾಗಿ ಅಂಗೈ ಅಗಲದ ಜಾಗದಲ್ಲಿ ಬರೀ ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರಿಸುವ ಪೇಸ್ಟ್) ಹಾಕಿ, ಹತ್ತಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಹೊಳಪು ಬಂತಾ? ಇಡೀ ದೋಣಿಗೆ ಅದೇ ಸಾಕು, ಪೇಪರ್ ಮುಟ್ಟಲೇಬೇಡಿ. ಬರದಿದ್ದರೆ 1000 ನಂಬರಿನ ಪೇಪರ್‌ನಿಂದ ಶುರು ಮಾಡಿ, ಆಮೇಲೆ 1500, 2000. ನಂಬರ್ ಕಡಿಮೆಯಾದಷ್ಟೂ ಪೇಪರ್ ಒರಟು. 400ರಿಂದ ಶುರು ಮಾಡಿದರೆ ಬೇಗ ಆಗುತ್ತೆ ಅನ್ನುವವರ ಮಾತು ಕೇಳಬೇಡಿ. ಆ ಗೀರು ತೆಗೆಯಲು ಇನ್ನಷ್ಟು ಜೆಲ್‌ಕೋಟ್ ಕಳೆದುಕೊಳ್ಳಬೇಕು.

ಉಜ್ಜುವ ಮೊದಲು ಪೆನ್ಸಿಲ್‌ನಿಂದ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಗೆರೆ ಅಳಿಸಿತು ಅಂದರೆ ಆ ಜಾಗ ಬಿಡಿ, ಮುಂದೆ ಹೋಗಿ. ಪೇಪರನ್ನು ಸಣ್ಣ ರಬ್ಬರ್ ತುಂಡಿಗೆ ಸುತ್ತಿ ಹಿಡಿಯಿರಿ. ಬರಿ ಬೆರಳಲ್ಲಿ ಒತ್ತಿದರೆ ಬೆರಳಿನಷ್ಟೇ ಅಗಲದ ತಗ್ಗು ಬೀಳುತ್ತದೆ, ಹೊಳಪು ಬಂದ ಮೇಲೆ ಅದೇ ಎದ್ದು ಕಾಣುತ್ತದೆ. ನೀರು ಸುರಿಯುತ್ತಲೇ ಇರಬೇಕು. ಅಂಚು, ಮೂಲೆಗಳಲ್ಲಿ ಪದರ ಬೇಗ ಸವೆಯುತ್ತದೆ. ಅಲ್ಲಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ, ಕೊನೆಗೆ ಟೇಪ್ ತೆಗೆದು ಕೈಯಲ್ಲೇ ಹಗುರವಾಗಿ ಕಾಂಪೌಂಡ್ ಹಚ್ಚಿ. ಎಲ್ಲಾದರೂ ಒಳಗಿನ ಫೈಬರ್ ಎಳೆ ನೆರಳಾಡಿದಂತೆ ಕಂಡರೆ ತಕ್ಷಣ ನಿಲ್ಲಿಸಿ. ಆ ಜಾಗಕ್ಕೆ ಹೊಸ ಜೆಲ್‌ಕೋಟ್ ಹಾಕಿಸಲೇಬೇಕು.

ಕಾಂಪೌಂಡ್ ಕೆಲಸ ನೆರಳಲ್ಲೇ ಆಗಲಿ, ಬಿಸಿಲಿಗೆ ಅದು ಒಣಗಿ ಗಟ್ಟಿಯಾಗುತ್ತೆ. ಆಮೇಲೆ ಕಾರ್ನೌಬಾ ವ್ಯಾಕ್ಸ್ (ಒಂದು ಬಗೆಯ ಗಿಡದ ಮೇಣ) ಎರಡು ಸಲ ಹಚ್ಚಿ. ಸಿಲಿಕಾನ್ ಇರುವ ಸ್ಪ್ರೇ ಪಾಲಿಷ್ ಬೇಡವೇ ಬೇಡ. ನಾಳೆ ಪೇಂಟ್ ಮಾಡಬೇಕಾದರೆ ಬಣ್ಣ ಕೂರಲ್ಲ.

ಹಾಯಿಯ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ. ದಾರ ಪಟಪಟ ಕಿತ್ತು ಬಂದರೆ ಮತ್ತೆ ಹೊಲಿಸಿ. ಬಟ್ಟೆ ಇನ್ನೂ ಗಟ್ಟಿ ಇದ್ದಾಗಲೇ ದಾರ ಬಿಸಿಲಿಗೆ ಸೋತಿರುತ್ತದೆ.

ಕೊನೆಗೆ ಹೊದಿಕೆ. ಪ್ಲಾಸ್ಟಿಕ್ ಟಾರ್ಪಾಲ್ ದೋಣಿ ಮೈಗೆ ಅಂಟುವಂತೆ ಬಿಗಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತೆ. ನಡುವೆ ಬಿದಿರಿನ ಗಳ ಕೊಟ್ಟು, ಎರಡೂ ತುದಿಯಲ್ಲಿ ಗಾಳಿ ಆಡುವಂತೆ ಕ್ಯಾನ್ವಾಸ್ ಕಟ್ಟಿ.