ಕಿರುಚಿತ್ರ ಮುಗಿದ ಮೇಲೆ ತಂಡವಾಗಿ ಹಿಂದಿರುಗಿ ನೋಡುವುದು ಹೇಗೆ?

ಸಂಕಲನ ಮುಗಿದ ಮರುದಿನವೇ ವಿಮರ್ಶೆಗೆ ಕೂರಬೇಡಿ, ದಣಿವು ಇಳಿಯಲಿ. ಆದರೆ ಕೈಬಿಟ್ಟ ದೃಶ್ಯಗಳನ್ನು ಅಳಿಸಬೇಡಿ. ಕಲಿಯಬೇಕಾದದ್ದು ಇರುವುದು ಅವುಗಳಲ್ಲಿಯೇ.

ಕೋಲಾರದ ಟೊಮೆಟೊ ಮಾರುಕಟ್ಟೆಯ ಬಗ್ಗೆ ನಮ್ಮ ತಂಡ ಚಿತ್ರ ಮಾಡಿದಾಗ ಶಬ್ದದ ಹೊಣೆ ನನ್ನದಾಗಿತ್ತು. ಮುಗಿದ ಚಿತ್ರವನ್ನು ಮೊದಲು ಪರದೆ ಆರಿಸಿ ಕೇಳಿದೆವು, ಆಮೇಲೆ ಶಬ್ದ ನಿಲ್ಲಿಸಿ ನೋಡಿದೆವು. ನೀವೂ ಹೀಗೆ ಮಾಡಲೇಬೇಕು. ಹರಾಜಿನ ಕೂಗು ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗುವಾಗ ಥಟ್ಟನೆ ಬದಲಾಗುವುದು ಕಣ್ಣು ಸುಮ್ಮನಿದ್ದಾಗಲೇ ಗೊತ್ತಾಗುತ್ತದೆ. ಪ್ರತಿ ಸ್ಥಳದಲ್ಲೂ ಯಾರೂ ಮಾತನಾಡದೆ ಅರ್ಧ ನಿಮಿಷ ಹಿನ್ನೆಲೆಯ ಸದ್ದನ್ನು ದಾಖಲಿಸಿಕೊಂಡಿದ್ದರೆ ಆ ಬಿರುಕನ್ನು ಮುಚ್ಚಬಹುದು. ಅಂತರಗಂಗೆ ಬೆಟ್ಟದಂಥ ಕಡೆ ಗಾಳಿ ತಡೆಯಲು ಮೈಕಿಗೆ ತುಪ್ಪಳದ ಹೊದಿಕೆ ಬೇಕೇ ಬೇಕು. ಟ್ಯೂಬ್‌ಲೈಟ್ ಕೆಳಗಿನ ದೃಶ್ಯ ಮಿನುಗುತ್ತಿದ್ದರೆ ಶಟರ್ ವೇಗವನ್ನು, ಅಂದರೆ ಪ್ರತಿ ಚೌಕಟ್ಟಿಗೆ ಕ್ಯಾಮೆರಾ ಬೆಳಕು ಪಡೆಯುವ ಅವಧಿಯನ್ನು, ಪರೀಕ್ಷಿಸಿ: ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಹಾಗಾಗಿ 1/50 ಅಥವಾ 1/100 ಸೆಕೆಂಡ್ ಹೊಂದುತ್ತದೆ.

ನಂತರ ಮಾತು. ನಿರ್ದೇಶಕರು ಕೊನೆಗೆ ಮಾತನಾಡಲಿ. ಚಹಾ ತಂದವರು, ಕ್ರೇಟ್ ಸರಿಸಿದವರು, ಜನರನ್ನು ಬದಿಗೆ ನಿಲ್ಲಿಸಿದವರು ಮೊದಲು ಹೇಳಲಿ. ಅವರು ಕಂಡದ್ದು ಕ್ಯಾಮೆರಾದ ಹಿಂದಿದ್ದವರಿಗೆ ಕಂಡಿರುವುದಿಲ್ಲ. ‘ಯಾರ ತಪ್ಪು’ ಎಂದು ಕೇಳದೆ ‘ಆ ದೃಶ್ಯದಲ್ಲಿ ಏನಾಯಿತು’ ಎಂದು ಕೇಳಿ. ಚಿತ್ರಕ್ಕಿಂತ ತಂಡ ದೊಡ್ಡದು ಎಂಬುದು ನನ್ನ ದೃಢ ನಂಬಿಕೆ.

ಕೊನೆಗೆ ಇದನ್ನೆಲ್ಲ ವರದಿಯಾಗಿ ಬರೆದಿಡಿ, ಅದರಲ್ಲಿ ಹೊಗಳಿಕೆ ಬೇಡ. ನೀವು ಕೈಗೊಂಡ ಒಂದೊಂದು ನಿರ್ಧಾರ, ಅದರ ಕಾರಣ, ಪರದೆಯ ಮೇಲೆ ಅದು ಪಡೆದ ರೂಪ ಇಷ್ಟನ್ನು ಬರೆಯಿರಿ. ಚಿತ್ರದಲ್ಲಿ ಕಾಣಿಸಿಕೊಂಡ ರೈತರಿಗೆ, ಹಮಾಲರಿಗೆ ಅದನ್ನು ಮೊಬೈಲಿನಲ್ಲಾದರೂ ತೋರಿಸಿ, ಅವರ ಅಭಿಪ್ರಾಯವನ್ನೂ ವರದಿಗೆ ಸೇರಿಸಿ.