ಎಣ್ಣೆ ಕುಡಿದ ಮಣ್ಣಿಗೆ ಹುಲ್ಲಿನ ಮದ್ದು

ಡೀಸೆಲ್ ಚೆಲ್ಲಿ ಒಣಗಿದ ಜಾಗದ ಮಣ್ಣಿನ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಕೆಸುವಿನೆಲೆ ಮೇಲಿನ ಹನಿಯಂತೆ ಉಂಡೆಯಾಗಿ ನಿಲ್ಲುತ್ತದೆ, ಬೇಗ ಇಂಗುವುದಿಲ್ಲ. ಎಣ್ಣೆ ಮಣ್ಣಿನ ಕಣಗಳಿಗೆ ಪೊರೆಯಂತೆ ಅಂಟಿ ನೀರು, ಗಾಳಿಯ ದಾರಿ ಕಟ್ಟಿರುತ್ತದೆ. ಇಂಥ ಮಣ್ಣನ್ನು ಇದ್ದಲ್ಲೇ ಗಿಡ ಬೆಳೆಸಿ ಸರಿಪಡಿಸಬಹುದು.

ಗಿಡವೇ ಎಣ್ಣೆ ಹೀರಿಬಿಡುತ್ತದೆ ಎಂದುಕೊಳ್ಳಬೇಡಿ. ಬೇರು ಸಕ್ಕರೆ, ಸಾವಯವ ಆಮ್ಲಗಳನ್ನು ಸ್ರವಿಸುತ್ತದೆ; ಅದನ್ನುಂಡು ಬೇರಿನ ಸುತ್ತ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಹೆಚ್ಚುತ್ತವೆ. ಎಣ್ಣೆ ಒಡೆಯುವ ದುಡಿಮೆ ಬಹುಪಾಲು ಅವುಗಳದ್ದು. ಗಿಡದ್ದು ಊಟ ಹಾಕುವ ಕೆಲಸ.

ಮೊದಲು ಸೋರಿಕೆ ನಿಲ್ಲಿಸಿ, ಮೇಲೆ ನಿಂತ ಎಣ್ಣೆಯನ್ನು ಬಳಿದು ತೆಗೆಯಿರಿ. ನಾಲ್ಕಾರು ಕಡೆಯ ಮಣ್ಣನ್ನು ಪ್ರಯೋಗಾಲಯಕ್ಕೆ ಕೊಟ್ಟು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ (ಮಣ್ಣಿನಲ್ಲಿರುವ ಎಣ್ಣೆ ಅಂಶದ ಒಟ್ಟು ಅಳತೆ) ಎಷ್ಟಿದೆ ಎಂದು ತಿಳಿಯಿರಿ. ಚೆಲ್ಲಿದ್ದು ಬಳಸಿದ ಎಂಜಿನ್ ಆಯಿಲ್ ಆದರೆ ಸೀಸ, ಸತುವಿನ ಪರೀಕ್ಷೆಯೂ ಬೇಕು. ಲೋಹವನ್ನು ಯಾವ ಸೂಕ್ಷ್ಮಜೀವಿಯೂ ಒಡೆದು ಇಲ್ಲವಾಗಿಸಲಾರದು.

ಆಮೇಲೆ ಕುಂಡದ ಪರೀಕ್ಷೆ. ಒಂದು ಕುಂಡಕ್ಕೆ ಕೆಟ್ಟ ಮಣ್ಣು, ಇನ್ನೊಂದಕ್ಕೆ ಒಳ್ಳೆ ಮಣ್ಣು, ಮತ್ತೊಂದಕ್ಕೆ ಎರಡರ ಸಮಪಾಲು. ತಲಾ 20 ಬೀಜ ಹಾಕಿ. ಕೆಟ್ಟ ಮಣ್ಣಿನಲ್ಲಿ ಮೊಳಕೆ ತೀರಾ ಕಡಿಮೆಯಾದರೆ ನೇರ ಬಿತ್ತನೆಗೆ ಇಳಿಯಬೇಡಿ. ಕಾಂಪೋಸ್ಟ್ ಬೆರೆಸಿ, ಕೆಲವು ವಾರ ಉಳುತ್ತಾ ಗಾಳಿಯಾಡಿಸಿ, ಮತ್ತೆ ಪರೀಕ್ಷಿಸಿ. ಈ ಹಂತ ಬಿಟ್ಟವರೇ 'ಏನೂ ಹುಟ್ಟಲಿಲ್ಲ' ಎಂದು ಕೈಚೆಲ್ಲುವುದು.

ಹೆಚ್ಚಿನವರು ಎಡವುವುದು ಗೊಬ್ಬರದಲ್ಲಿ. ಕಚ್ಚಾ ತೈಲದ ತೂಕದಲ್ಲಿ ನೂರಕ್ಕೆ ಸುಮಾರು 85 ಪಾಲು ಇಂಗಾಲವೇ, ಸಾರಜನಕ ಅತ್ಯಲ್ಪ. ಅಷ್ಟು ಇಂಗಾಲ ಸಿಕ್ಕ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೆಲ್ಲ ಬಾಚಿಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ. ಇಂಗಾಲ, ಸಾರಜನಕ, ರಂಜಕ 100:10:1ರ ಆಸುಪಾಸಿನಲ್ಲಿರಲಿ ಎಂಬುದು ರೂಢಿಯ ಲೆಕ್ಕ. ಯೂರಿಯಾವನ್ನು ಒಮ್ಮೆಗೇ ಸುರಿದರೆ ಎಳೆಬೇರು ಸುಟ್ಟೀತು, ಕಂತುಗಳಲ್ಲಿ ಕೊಡಿ.

ಬಿತ್ತನೆಗೆ ತಂತುಬೇರಿನ ಹುಲ್ಲೇ ಮೇಲು: ಗರಿಕೆ, ರೈಹುಲ್ಲು, ಫೆಸ್ಕ್ಯೂ. ಲಾವಂಚದ ಬೇರು ಇನ್ನೂ ಆಳಕ್ಕಿಳಿಯುತ್ತದೆ. ಜೊತೆಗೆ ಕುದುರೆಮೆಂತೆಯಂಥ ದ್ವಿದಳ ಸೇರಿಸಿದರೆ ಸಾರಜನಕಕ್ಕೂ ಆಯಿತು. ಒಂದು ಬುಡ ಹುಲ್ಲನ್ನು ಸಲಿಕೆಯಲ್ಲಿ ಎತ್ತಿ ನೋಡಿ: ಕೂದಲೆಳೆಯಂಥ ನೂರಾರು ಬೇರು, ಒಂದೊಂದಕ್ಕೂ ಅಂಟಿದ ಮಣ್ಣು. ಆ ಅಂಟಿದ ಮಣ್ಣಿನಲ್ಲೇ ಕೆಲಸ ನಡೆಯುವುದು. ಬೇರು ತಲುಪದ ಆಳದ ಎಣ್ಣೆಗೆ ಈ ಮದ್ದು ನಾಟದು.

ನೀರು ಹದವಾಗಿರಲಿ. ನೀರು ನಿಂತರೆ ಆಮ್ಲಜನಕ ಸಿಗದೆ ಕೆಲಸ ಕುಂಟುತ್ತದೆ. ಕೊಯ್ದ ಹುಲ್ಲನ್ನು ದನಕ್ಕೆ ಹಾಕಬೇಡಿ, ಬೇಲಿ ಕಟ್ಟಿ.

ಒಂದು ಪಟ್ಟಿ ಜಾಗವನ್ನು ಬಿತ್ತದೆ ಬಿಟ್ಟಿರಿ. ಆರು ತಿಂಗಳಿಗೊಮ್ಮೆ ಎರಡೂ ಕಡೆಯ ಮಣ್ಣು ಪರೀಕ್ಷಿಸಿದರೆ ಹುಲ್ಲಿನಿಂದ ಆದ ಲಾಭವೆಷ್ಟು, ತಾನಾಗಿ ಕರಗಿದ್ದೆಷ್ಟು ಎಂದು ಗೊತ್ತಾಗುತ್ತದೆ. ಡೀಸೆಲ್‌ನಂಥ ಹಗುರ ಭಾಗ ಬೇಗ ಇಳಿಯುತ್ತದೆ; ಟಾರಿನಂಥ ಭಾರದ ಅಂಶ ವರ್ಷಗಟ್ಟಲೆ ಸತಾಯಿಸುತ್ತದೆ. ಎರಡನೇ ವರ್ಷ ಅಂಕಿ ಮೊದಲಿನಷ್ಟು ಇಳಿಯಲಿಲ್ಲವೆಂದು ಹುಲ್ಲು ಕಿತ್ತು ಹಾಕಬೇಡಿ.