ಬೆಳಿಗ್ಗೆ ಎಂಟು, ರಾತ್ರಿ ಎಂಟು: ಕಿಡ್ನಿ ಕಸಿಯ ನಂತರ ನನ್ನ ಅನುಭವ

ಕಿಡ್ನಿ ಕಸಿ ಮಾಡಿಸಿಕೊಂಡವರನ್ನು ಕಂಡರೆ ಜನ ಮೊದಲು ಕೇಳುವುದು, "ಈಗ ಪೂರ್ತಿ ವಾಸಿಯಾಯ್ತಲ್ಲ?" ಎಂದು. ಮೊದಮೊದಲು ಕೂತು ವಿವರಿಸುತ್ತಿದ್ದೆ. ಈಗ "ಚೆನ್ನಾಗಿದ್ದೀನಿ" ಅಂದು ಮಾತು ಮುಗಿಸುತ್ತೇನೆ. ಅದೇನೂ ಸುಳ್ಳಲ್ಲ. ಆದರೆ ಕಾಯಿಲೆ ಹೋಗಿಲ್ಲ, ಅದನ್ನು ನೋಡಿಕೊಳ್ಳುವವರು ಬದಲಾಗಿದ್ದಾರೆ ಅಷ್ಟೇ. ಡಯಾಲಿಸಿಸ್ ಇದ್ದಾಗ ವಾರಕ್ಕೆ ಮೂರು ಸಲ ಹೋಗಿ ಮಲಗಿದರೆ ಸಾಕಿತ್ತು. ತೂಕ ನೋಡಲು, ಬಿ.ಪಿ. ಬರೆದುಕೊಳ್ಳಲು, ಈ ಸಲ ಎಷ್ಟು ನೀರು ತೆಗೆಯಬೇಕೆಂದು ಲೆಕ್ಕ ಹಾಕಲು ಟೆಕ್ನಿಷಿಯನ್ ಇರುತ್ತಿದ್ದರು. ಕಸಿಯಾಗಿ ಮನೆಗೆ ಬಂದ ಮೇಲೆ ಆ ಕೆಲಸವೆಲ್ಲ ನನ್ನ ಪಾಲಿಗೆ ಬಂತು.

ಮುಂಚೆ ಯಾರೂ ಹೇಳದೆ ಬಿಟ್ಟ ವಿಷಯವೆಂದರೆ ನೀರಿನದು. ಡಯಾಲಿಸಿಸ್ ವರ್ಷಗಳಲ್ಲಿ ಮಾತ್ರೆ ನುಂಗುವ ನೀರನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದೆ. ಬಾಯಾರಿದರೆ ಐಸ್ ತುಂಡು ಚೀಪುವುದು, ಇಲ್ಲವೇ ಬಾಯಿ ಮುಕ್ಕಳಿಸಿ ಉಗುಳುವುದು. ಎರಡು ಡಯಾಲಿಸಿಸ್ ನಡುವೆ ತೂಕ ಏರಿದರೆ ಮುಂದಿನ ಸಲ ಕಾಲು ಸೆಳೆತ, ಬಿ.ಪಿ. ಕುಸಿತ ಗ್ಯಾರಂಟಿ. ಆಪರೇಷನ್ ಆದ ಮೇಲೆ ಅದೇ ಡಾಕ್ಟರು, "ದಿನಕ್ಕೆ ಮೂರು ಲೀಟರ್ ಹತ್ತಿರ ಕುಡೀರಿ" ಅಂದರು. ತಲೆಗೆ ಅರ್ಥವಾಯಿತು, ಕೈ ಕೇಳಲಿಲ್ಲ. ಲೋಟ ಎತ್ತಿದರೆ ಕದ್ದು ಕುಡಿದ ಹಾಗೆ ಅನ್ನಿಸುತ್ತಿತ್ತು. ಕೊನೆಗೆ ನಾನು ಕಂಡುಕೊಂಡ ದಾರಿ ಇದು: ಒಂದು ಲೀಟರಿನ ಬಾಟಲಿ ಮೂರು ತುಂಬಿಸಿ, ಒಂದು ಮಧ್ಯಾಹ್ನದೊಳಗೆ, ಒಂದು ಸಂಜೆಯೊಳಗೆ, ಇನ್ನೊಂದು ಮಲಗುವುದಕ್ಕೆ ಎರಡು ಗಂಟೆ ಮುಂಚೆ ಖಾಲಿ ಮಾಡುವುದು. ಬಾಯಾರಿಕೆಯನ್ನು ನೆಚ್ಚಲಿಲ್ಲ. ಅಷ್ಟು ವರ್ಷ ಅದರ ಬಾಯಿ ಮುಚ್ಚಿಸಿದ್ದೆ, ತಾನಾಗಿ ಮಾತಾಡಲು ಅದಕ್ಕೆ ಕಾಲ ಬೇಕಿತ್ತು. ಮೂತ್ರವೇ ಇಲ್ಲದೆ ಕುಗ್ಗಿಹೋದ ಮೂತ್ರಕೋಶವೂ ಹಾಗೆಯೇ. ಮೊದಲ ವಾರಗಳಲ್ಲಿ ರಾತ್ರಿ ಗಂಟೆಗೊಮ್ಮೆ ಏಳಬೇಕಾಯಿತು. ಹಿಗ್ಗುತ್ತಾ ಹಿಗ್ಗುತ್ತಾ ಸರಿಹೋಗುತ್ತದೆ, ಗಾಬರಿ ಬೇಡ. ಎಲ್ಲರಿಗೂ ಮೂರು ಲೀಟರ್ ಎಂದೇನೂ ಇಲ್ಲ. ಹೃದಯದ ತೊಂದರೆ ಇರುವವರ ಲೆಕ್ಕ ಬೇರೆ.

ಹೊಸ ಕಿಡ್ನಿಯನ್ನು ಕೂರಿಸುವುದು ಬೆನ್ನಿನ ಕಡೆ ಅಲ್ಲ, ಕಿಬ್ಬೊಟ್ಟೆಯ ಒಂದು ಪಕ್ಕಕ್ಕೆ. ನನಗೆ ಬಲಗಡೆ ಇದೆ. ಹಳೆಯವೆರಡನ್ನು ತೊಂದರೆ ಕೊಡದ ಹೊರತು ತೆಗೆಯುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ನನ್ನ ಬಳಿ ಈಗ ಮೂರು. ಚರ್ಮದ ಕೆಳಗೇ ಇರುವುದರಿಂದ ಬಿಗಿ ಬೆಲ್ಟ್ ಬಿಟ್ಟೆ, ಮೈಗೆ ಮೈ ತಾಗುವ ಆಟಗಳನ್ನೂ ಬಿಟ್ಟೆ. ನಡಿಗೆ ಬಿಟ್ಟಿಲ್ಲ.

ಇನ್ನು ಮಾತ್ರೆ. ನನ್ನ ದಿನ ನಿಂತಿರುವುದು ಬೆಳಿಗ್ಗೆ ಎಂಟು, ರಾತ್ರಿ ಎಂಟರ ಮೇಲೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮತ್ತು ಮೈಕೋಫಿನೊಲೇಟ್ ಎರಡನ್ನೂ ಹನ್ನೆರಡು ಗಂಟೆಯ ಅಂತರದಲ್ಲಿ ತೆಗೆದುಕೊಳ್ಳಬೇಕು, ಬೆಳಿಗ್ಗೆ ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್. ಟ್ಯಾಕ್ರೋಲಿಮಸ್ ಸ್ವಭಾವ ಬಲು ಸೂಕ್ಷ್ಮ. ರಕ್ತದಲ್ಲಿ ಅದು ಕಡಿಮೆಯಾದರೆ ದೇಹ ಕಿಡ್ನಿಯನ್ನು ಪರಕೀಯವೆಂದು ಗುರುತಿಸಿ ಮೇಲೆ ಬೀಳುತ್ತದೆ. ಹೆಚ್ಚಾದರೆ ಆ ಮಾತ್ರೆಯೇ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಕೈ ನಡುಗುತ್ತದೆ, ಶುಗರ್ ಏರುತ್ತದೆ. ಅದಕ್ಕೇ ಟ್ಯಾಕ್ರೋ ಲೆವೆಲ್ ಪರೀಕ್ಷೆ. ರಕ್ತ ಕೊಡಬೇಕಾದದ್ದು ಹಿಂದಿನ ರಾತ್ರಿಯ ಮಾತ್ರೆಗೆ ಹನ್ನೆರಡು ಗಂಟೆಯಾದ ಮೇಲೆ, ಬೆಳಿಗ್ಗೆಯ ಮಾತ್ರೆ ನುಂಗುವ ಮೊದಲು. ಮಾತ್ರೆ ನುಂಗಿ ಹೋದರೆ ಬರುವ ಅಂಕಿಗೆ ಬೆಲೆಯಿಲ್ಲ. ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ನುಂಗುತ್ತೇನೆ.

"ಈಗ ತಗೊಂಡೆನಾ ಇಲ್ವಾ?" ಎನ್ನುವ ಅನುಮಾನ ಒಳ್ಳೆಯ ನೆನಪಿನವರಿಗೂ ಬರುತ್ತದೆ, ಯಾಕೆಂದರೆ ನಿನ್ನೆಯೂ ಇದೇ ಮಾಡಿದ್ದೆವು, ಮೊನ್ನೆಯೂ. ವಾರದ ಖಾನೆಗಳಿರುವ ಮಾತ್ರೆ ಡಬ್ಬಿ ಆ ಜಗಳವನ್ನೇ ಮುಗಿಸಿತು. ಖಾನೆ ಖಾಲಿಯಿದ್ದರೆ ನುಂಗಿದ್ದೇನೆ. ಪ್ರಯಾಣದಲ್ಲಿ ಮಾತ್ರೆಯನ್ನು ಎರಡು ಕಡೆ ಹಂಚುತ್ತೇನೆ, ಒಂದು ಪಾಲು ಯಾವಾಗಲೂ ಮೈಗೆ ಹತ್ತಿರದ ಚೀಲದಲ್ಲಿ. ಅಂಗಡಿಯಲ್ಲಿ "ಇದೂ ಅದೇ, ಕಂಪನಿ ಬೇರೆ ಅಷ್ಟೇ" ಅಂದರೆ ಒಪ್ಪುವುದಿಲ್ಲ. ಬ್ರಾಂಡ್ ಬದಲಾದರೆ ಲೆವೆಲ್ ಬದಲಾಗಬಹುದು, ಡಾಕ್ಟರಿಗೆ ಹೇಳಿ ಮತ್ತೆ ಪರೀಕ್ಷೆ ಮಾಡಿಸಬೇಕು. ಚಕ್ಕೋತ ಮತ್ತು ಅದರ ಜಾತಿಯ ಗ್ರೇಪ್‌ಫ್ರೂಟ್ ಬಿಟ್ಟೇಬಿಟ್ಟೆ, ಎರಡೂ ಲೆವೆಲ್ ಏರಿಸುತ್ತವೆ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಕೆಲವು ಆಂಟಿಬಯೋಟಿಕ್ ಕೂಡ ಏರಿಸುತ್ತವೆ; ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ನೆಲಕ್ಕಿಳಿಸುತ್ತದೆ. ಭೇದಿಯಾದಾಗ ಲೆವೆಲ್ ಇಳಿಯುತ್ತದೆ ಅಂದುಕೊಂಡಿದ್ದೆ, ಸಾಮಾನ್ಯವಾಗಿ ಏರುತ್ತದೆ. ಹಾಗಾಗಿ ಎರಡು ದಿನ ಹೊಟ್ಟೆ ಕೆಟ್ಟರೂ ಫೋನ್ ಮಾಡುತ್ತೇನೆ. ಹಲ್ಲಿನ ಡಾಕ್ಟರಾಗಲಿ, ಕಣ್ಣಿನ ಡಾಕ್ಟರಾಗಲಿ, ಚೀಟಿ ಬರೆಯುವ ಮುಂಚೆ ನನ್ನ ಮಾತ್ರೆಗಳ ಪಟ್ಟಿ ಅವರ ಮೇಜಿನ ಮೇಲಿರುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಮುಟ್ಟುವುದಿಲ್ಲ.

ಈ ಟ್ಯಾಕ್ರೋಲಿಮಸ್ ಹುಟ್ಟಿದ ಕಥೆ ಓದಿದಾಗ ನಗು ಬಂದಿತ್ತು. 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಇದನ್ನು ತೆಗೆದರಂತೆ. ಅದನ್ನು ನುಂಗುವ ನನಗೆ ಡಾಕ್ಟರು ಕೊಟ್ಟ ಎಚ್ಚರಿಕೆಗಳಲ್ಲಿ ಒಂದು, ಕೈಗವಸಿಲ್ಲದೆ ಮಣ್ಣು ಮುಟ್ಟಬೇಡಿ ಎಂಬುದು. ಮಣ್ಣಿನಲ್ಲಿರುವ ಫಂಗಸ್ ನಮ್ಮಂಥವರಿಗೆ ಅಪಾಯ. ಇಂಥ ಮಾತ್ರೆ ಇಲ್ಲದ ಕಾಲದಲ್ಲಿ, 1954ರ ಡಿಸೆಂಬರ್ 23ರಂದು, ಬೋಸ್ಟನ್ನಿನಲ್ಲಿ ಜೋಸೆಫ್ ಮರೆ ಮತ್ತು ಸಂಗಡಿಗರು ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ನಿಂತದ್ದು, ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರಿಂದ. ನನಗೆ ಕೊಟ್ಟದ್ದು ನನ್ನ ಅಕ್ಕ. ಒಡಹುಟ್ಟಿದವಳಾದರೂ ಅವಳಿಯಲ್ಲವಲ್ಲ, ಹಾಗಾಗಿ ಮಾತ್ರೆ ಜೀವನಪರ್ಯಂತ.

ಪ್ರೆಡ್ನಿಸೊಲೋನ್ ಕಾಟ ಬೇಗ ಹೇಳಿ ಮುಗಿಸುತ್ತೇನೆ: ಮುಖ ಊದುತ್ತದೆ, ಹಸಿವು ಹೆಚ್ಚುತ್ತದೆ, ನಿದ್ದೆ ಹಾರುತ್ತದೆ, ಮೂಗಿನ ತುದಿಯಲ್ಲಿ ಸಿಟ್ಟು. ಡೋಸ್ ಇಳಿಸಿದಂತೆ ಮುಖ ಮೊದಲಿನಂತಾಯಿತು. ಸಿಟ್ಟಿಗೆ ಮಾತ್ರೆಯೇ ಕಾರಣವೋ ಅಲ್ಲವೋ ಎಂಬುದರಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ.

ಸೋಂಕಿನ ಭಯ ಮೊದಲ ಆರು ತಿಂಗಳು ಹೆಚ್ಚು, ರೋಗನಿರೋಧಕ ಶಕ್ತಿಯನ್ನು ಆಗ ಬಲವಾಗಿ ಅದುಮಿಟ್ಟಿರುತ್ತಾರೆ. ಆ ಅವಧಿಯಲ್ಲಿ ಸೋಂಕು ತಡೆಯಲೆಂದೇ ಬೇರೆ ಮಾತ್ರೆಗಳನ್ನೂ ಕೊಟ್ಟಿದ್ದರು. ಜನಸಂದಣಿಯಲ್ಲಿ ಮಾಸ್ಕ್ ಈಗಲೂ ಹಾಕುತ್ತೇನೆ. ಹಸಿ ಮೊಟ್ಟೆ, ಅರೆಬೆಂದ ಮಾಂಸ, ಕಾಯಿಸದ ಹಾಲು ಇಲ್ಲ. ಜೀವಂತ ವೈರಾಣು ಇರುವ ಲಸಿಕೆ ಹಾಕಿಸಿಕೊಳ್ಳುವಂತಿಲ್ಲ. ಫ್ಲೂ ಚುಚ್ಚುಮದ್ದು ವರ್ಷವರ್ಷ ಹಾಕಿಸಿಕೊಳ್ಳುತ್ತೇನೆ. ಚರ್ಮದ ಕ್ಯಾನ್ಸರ್ ಸಾಧ್ಯತೆ ನಮಗೆ ಹೆಚ್ಚು, ಬಿಸಿಲಲ್ಲಿ ಟೋಪಿ, ತುಂಬುತೋಳು. ಕಷ್ಟವಾಗುವುದು ಪ್ರೀತಿಯಿಂದ ಬರುವವರನ್ನು ನಿಭಾಯಿಸುವುದು. ನೋಡಲು ಬರುವ ಬಂಧುಗಳಲ್ಲಿ ಒಬ್ಬರಾದರೂ "ಇಮ್ಯೂನಿಟಿ ಹೆಚ್ಚಿಸುವ" ಪುಡಿಯೋ ಕಷಾಯವೋ ತಂದಿರುತ್ತಾರೆ. ಯಾವುದನ್ನು ಕುಗ್ಗಿಸಲು ದಿನಕ್ಕೆರಡು ಸಲ ಮಾತ್ರೆ ನುಂಗುತ್ತಿದ್ದೇನೋ ಅದನ್ನೇ ಹೆಚ್ಚಿಸುವ ಔಷಧಿ! ತೆಗೆದುಕೊಂಡು ಒಳಗಿಡುತ್ತೇನೆ, ಬಾಯಿಗೆ ಹಾಕುವುದಿಲ್ಲ.

ದಿನಾ ಬೆಳಿಗ್ಗೆ ತೂಕ, ಬಿ.ಪಿ., ಜ್ವರ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಜ್ವರ 100.4 ದಾಟಿದರೆ, ಒಂದೇ ದಿನಕ್ಕೆ ತೂಕ ಕಿಲೋಗಿಂತ ಹೆಚ್ಚು ಏರಿದರೆ, ಮೂತ್ರ ಕಡಿಮೆಯಾದರೆ, ಕಸಿ ಮಾಡಿದ ಜಾಗದಲ್ಲಿ ನೋವಾದರೆ ಅಥವಾ ನುಂಗಿದ ಮಾತ್ರೆ ವಾಂತಿಯಾದರೆ ಅವತ್ತೇ ಫೋನ್. "ನಾಳೆ ನೋಡೋಣ" ಎನ್ನುವುದಿಲ್ಲ. ಆದರೆ ರಿಜೆಕ್ಷನ್, ಅಂದರೆ ದೇಹ ಕಿಡ್ನಿಯನ್ನು ತಿರಸ್ಕರಿಸುವುದು, ಎಷ್ಟೋ ಸಲ ಸದ್ದಿಲ್ಲದೆ ಶುರುವಾಗುತ್ತದೆ, ರಕ್ತಪರೀಕ್ಷೆಯಲ್ಲಿ ಮಾತ್ರ ಸಿಗುತ್ತದೆ. ನನಗೂ ಒಮ್ಮೆ ಹಾಗೆಯೇ ಆಯಿತು. ಮೈಯಲ್ಲಿ ಏನೂ ಇಲ್ಲ, ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲವಾದ ಕ್ರಿಯಾಟಿನಿನ್ ಮಾತ್ರ ಮೇಲೆ. ಸೂಜಿಯಿಂದ ಕಿಡ್ನಿಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿದರು. ಕಿಡ್ನಿ ಮುಂಭಾಗದಲ್ಲೇ ಇರುವುದರಿಂದ ಅಂಗಾತ ಮಲಗಿದರಾಯಿತು, ಆಮೇಲೆ ಕೆಲವು ಗಂಟೆ ಅಲ್ಲಾಡದೆ ಇರುವುದೇ ಬೇಸರ. ಮೂರು ದಿನ ರಕ್ತನಾಳಕ್ಕೆ ಸ್ಟಿರಾಯ್ಡ್ ಕೊಟ್ಟರು, ಅಂಕಿ ಇಳಿಯಿತು. ಆಗಿನಿಂದ ಒಂದೇ ಲ್ಯಾಬ್ ಹಿಡಿದುಕೊಂಡಿದ್ದೇನೆ, ಒಂದು ರಿಪೋರ್ಟನ್ನು ಒಂಟಿಯಾಗಿ ನೋಡುವುದಿಲ್ಲ. 1.2 ಇದ್ದದ್ದು 1.3 ಆದರೆ ಹಿಂದಿನ ದಿನ ನೀರು ಕಡಿಮೆಯಾಗಿರಬಹುದು. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಏರುತ್ತಾ ಹೋದರೆ ಅದು ಬೇರೆ ಮಾತು.

ಅಕ್ಕನ ಬಗ್ಗೆ ಎಲ್ಲರೂ ಮರೆಯುತ್ತಾರೆ. ಆಪರೇಷನ್ ಆದ ಮೇಲೆ ನನಗಿಂತ ಹೆಚ್ಚು ನರಳಿದವಳು ಅವಳು. ನಾನು ಕಾಯಿಲೆಯಿಂದ ಎದ್ದು ಬರುತ್ತಿದ್ದೆ, ಅವಳು ಗಟ್ಟಿಮುಟ್ಟಾಗಿದ್ದವಳು ನನಗೋಸ್ಕರ ಮಲಗಿದ್ದಳು. ಸಣ್ಣ ತೂತುಗಳ ಮೂಲಕ ಮಾಡುವ ಕೀಹೋಲ್ ಆಪರೇಷನ್‌ನಲ್ಲಿ ಹೊಟ್ಟೆಗೆ ತುಂಬುವ ಗ್ಯಾಸ್‌ನಿಂದ ಅವಳ ಭುಜ ಕೆಲವು ದಿನ ನೋಯುತ್ತಿತ್ತು. ದಾನಿಗೂ ವರ್ಷಕ್ಕೊಮ್ಮೆ ಬಿ.ಪಿ., ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಿಸಬೇಕು. "ಅಕ್ಕಾ, ಈ ವರ್ಷದ್ದು ಮಾಡಿಸಿದ್ಯಾ?" ಅಂದರೆ, "ನಂದು ಚೆನ್ನಾಗಿಯೇ ಇದೆ, ನಿನ್ನ ಹತ್ರ ಇರೋದನ್ನ ನೋಡ್ಕೋ" ಅನ್ನುತ್ತಾಳೆ. ಅದಕ್ಕೇ ನನ್ನ ಒಂದು ಚೆಕಪ್ ದಿನವೇ ಅವಳ ಹೆಸರನ್ನೂ ಬರೆಸಿ ಕರೆದುಕೊಂಡು ಹೋಗುತ್ತೇನೆ. ಋಣ ತೀರಿಸುವ ಮಾತು ಎತ್ತಿದರೆ ಬೈಯುತ್ತಾಳೆ.

ಕಸಿ ಮಾಡಿದ ಕಿಡ್ನಿ ಶಾಶ್ವತವಲ್ಲ. ಬದುಕಿರುವವರು ಕೊಟ್ಟದ್ದು ಹೆಚ್ಚು ವರ್ಷ ಬಾಳುತ್ತದೆ, ಆದರೂ ಒಂದು ದಿನ ಮತ್ತೆ ಡಯಾಲಿಸಿಸ್ ಅಥವಾ ಇನ್ನೊಂದು ಕಸಿ ಬೇಕಾಗಬಹುದು ಎಂಬುದನ್ನು ಡಾಕ್ಟರನ್ನು ನೇರವಾಗಿ ಕೇಳಿ ತಿಳಿದುಕೊಂಡೆ. ತಿಳಿದ ಮೇಲೆ ನಿದ್ದೆ ಕೆಡಲಿಲ್ಲ, ಅದು ಕೆಟ್ಟಿದ್ದು ಕೇಳುವ ಮೊದಲು. ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ್ದ ಎಡಗೈಯ ಫಿಸ್ಟುಲಾವನ್ನು ಮುಚ್ಚಿಸದೆ ಹಾಗೇ ಉಳಿಸಿಕೊಂಡಿದ್ದೇನೆ. ಬೆರಳಿಟ್ಟು ನೋಡಿದರೆ ರಕ್ತ ಗುಂಯ್‌ಗುಟ್ಟುವುದು ಇನ್ನೂ ತಿಳಿಯುತ್ತದೆ. ಬಿ.ಪಿ. ನೋಡುವವರು, ರಕ್ತ ತೆಗೆಯುವವರು ಆ ಕೈ ಹಿಡಿದರೆ ಹಿಂದಕ್ಕೆ ಎಳೆದುಕೊಂಡು ಬಲಗೈ ಕೊಡುತ್ತೇನೆ, ಅದರಲ್ಲೂ ಆದಷ್ಟು ಅಂಗೈ ಹಿಂಬದಿಯ ನರವನ್ನೇ.